ಕೈಯ ನರ ಮತ್ತೆ ಬೆಳೆಯುತ್ತದೆ, ಬೆನ್ನುಹುರಿಯದ್ದು ಯಾಕೆ ಬೆಳೆಯಲ್ಲ?

ತಮ್ಮನ ಮಣಿಕಟ್ಟಿನ ನರಕ್ಕೆ ಹೊಲಿಗೆ ಹಾಕಿದ ಮೇಲೆ ಬೆರಳಿಗೆ ಸ್ಪರ್ಶ ಬಂತು, ಮರದಿಂದ ಬಿದ್ದ ಮಾವನ ಬೆನ್ನುಹುರಿ ಮಾತ್ರ ಕೂಡಲ್ಲ ಅಂದರು, ಎರಡೂ ನರವೇ ಅಲ್ವಾ ಅಂತ ಕೇಳಿದ್ದೀರಿ. ನಾನು ಫಿಸಿಯಾಲಜಿ ಪಾಠ ಮಾಡುವವಳು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ದೊಡ್ಡ ವ್ಯತ್ಯಾಸ ಇರುವುದು ನರದ ಎಳೆಯ ಸುತ್ತಲಿನ ಜೀವಕೋಶಗಳಲ್ಲಿ. ಕೈಯಲ್ಲಿ ನರ ತುಂಡಾದರೆ ಎಳೆಯನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು ಸತ್ತ ಭಾಗದ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಕೆಲವು ವಾರಗಳಲ್ಲಿ ತೆಗೆಸಿ, ಸಾಲಾಗಿ ನಿಂತು ಹೊಸ ಎಳೆಗೆ ದಾರಿ ತೋರಿಸುತ್ತವೆ. ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಬೆನ್ನುಹುರಿಯಲ್ಲಿ ಈ ಕೆಲಸವನ್ನು ಇಷ್ಟು ಬೇಗ ಮಾಡುವವರಿಲ್ಲ. ಹಳೆಯ ಮಯಲಿನ್ ಚೂರುಗಳು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಅದರಲ್ಲಿರುವ ನೋಗೋ ಎಂಬ ಪ್ರೋಟೀನ್ ಬೆಳೆಯಲು ಹೊರಟ ಎಳೆಯನ್ನು ತಡೆಯುತ್ತದೆ.

1981ರಲ್ಲಿ ಮಾಂಟ್ರಿಯಲ್‌ನಲ್ಲಿ ಡೇವಿಡ್ ಮತ್ತು ಅಗ್ವಾಯೋ ಎಂಬ ವಿಜ್ಞಾನಿಗಳು ಇಲಿಗಳ ಕಾಲಿನ ನರದ ತುಂಡನ್ನು ಬೆನ್ನುಹುರಿಗೂ ಮೆದುಳಿನ ಬುಡಕ್ಕೂ ಸೇರಿಸಿ ಇಟ್ಟರು. ಬೆಳೆಯಲ್ಲ ಅಂದುಕೊಂಡಿದ್ದ ಎಳೆಗಳು ಆ ತುಂಡಿನೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು! ಮತ್ತೆ ಬೆನ್ನುಹುರಿಗೋ ಮೆದುಳಿಗೋ ಹೊಕ್ಕ ಸ್ವಲ್ಪದರಲ್ಲೇ ನಿಂತುಬಿಟ್ಟವು. ಹಾಗಂತ ಪೂರ್ತಿ ತಪ್ಪು ಪರಿಸರದ್ದಲ್ಲ. ದೊಡ್ಡವರ ಮೆದುಳು, ಬೆನ್ನುಹುರಿಯ ನರಕೋಶಗಳಿಗೆ ಬೆಳೆಯುವ ಶಕ್ತಿಯೂ ಕಡಿಮೆಯೇ.

ಈಗ ಬೆನ್ನುಹುರಿಯ ಗಾಯದ ಜಾಗದಲ್ಲಿ ಆಗುವ ಕಲೆಯ ವಿಷಯ. ಪೆಟ್ಟಾದ ನಿಮಿಷಗಳಲ್ಲೇ ಮೆದುಳು, ಬೆನ್ನುಹುರಿಯ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳು ಅತ್ತ ಕೈ ಚಾಚುತ್ತವೆ, ಸತ್ತದ್ದನ್ನು ನುಂಗುತ್ತವೆ. ಮುಂದಿನ ದಿನಗಳಲ್ಲಿ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್‌ಗಳು ಉಬ್ಬಿ, ಸಂಖ್ಯೆಯಲ್ಲಿ ಹೆಚ್ಚಿ, ಗಾಯದ ಸುತ್ತ ಒತ್ತೊತ್ತಾಗಿ ನಿಲ್ಲುತ್ತವೆ. ಎಳೆ ದಾಟದಿರುವುದಕ್ಕೆ ಈ ಕಲೆಯೇ ಕಾರಣ ಅಂತ ಬಹಳ ವರ್ಷ ದೂರಿದರು. ನನಗೆ ಆ ದೂರು ಅನ್ಯಾಯ ಅನಿಸುತ್ತದೆ. ಕಾಡಿನಲ್ಲಿ ಬೆಂಕಿ ರೇಖೆ ಹಾಕುವ ಹಾಗೆ, ಉರಿಯೂತ ಒಳ್ಳೆಯ ಭಾಗಕ್ಕೆ ಹರಡದಂತೆ ಅವು ಕಾಯುತ್ತವೆ. ಇಲಿಗಳಲ್ಲಿ ಆ ಕೋಶಗಳನ್ನು ಇಲ್ಲವಾಗಿಸಿದಾಗ ಗಾಯ ಹರಡಿತು, ಇನ್ನಷ್ಟು ನರಕೋಶಗಳು ಸತ್ತವು. 2016ರ ಒಂದು ಅಧ್ಯಯನದಲ್ಲಿ ಕಲೆ ಆಗದಂತೆ ತಡೆದರೂ ಎಳೆಗಳು ತಾವಾಗಿ ಬೆಳೆಯಲಿಲ್ಲ.

ಇನ್ನೊಂದು ಮಾತು, ಇದನ್ನು ಓದುವ ಎಲ್ಲರಿಗೂ. ಹಾನಿ ಬಿದ್ದ ಕ್ಷಣಕ್ಕೇ ಮುಗಿಯಲ್ಲ. ಒಡೆದ ಕೋಶಗಳಿಂದ ಚೆಲ್ಲಿದ, ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕ ಪಕ್ಕದ ಕೋಶಗಳನ್ನೂ ಕೊಲ್ಲುತ್ತದೆ, ಊತ ಬಂದು ರಕ್ತ ಕಡಿಮೆಯಾಗುತ್ತದೆ. ಇದು ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ. ಅದಕ್ಕೇ ತಡಮಾಡಬಾರದು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಲೂಬಾರದು, ಕೂರಿಸಲೂಬಾರದು. ತಲೆ, ಕುತ್ತಿಗೆ, ಬೆನ್ನು ಅಲುಗದಂತೆ ಆಂಬುಲೆನ್ಸ್‌ಗೆ ಕಾಯಿರಿ.

ಮಾವನ ವಿಷಯದಲ್ಲಿ ಡಾಕ್ಟರನ್ನು ಒಂದು ಕೇಳಿ: ಗಾಯ ಪೂರ್ಣವೋ, ಅಪೂರ್ಣವೋ? ರಿಪೋರ್ಟಿನಲ್ಲಿ ಎ ಇಂದ ಇ ವರೆಗಿನ ಗ್ರೇಡ್ ಇರುತ್ತದೆ. ಎ ಅಂದರೆ ಪೂರ್ಣ. ಬಿ, ಸಿ, ಡಿ ಇದ್ದರೆ ಕೆಲವು ಎಳೆಗಳು ಉಳಿದಿವೆ. ಉಳಿದವು ಹೊಸ ಕವಲೊಡೆದು ಬೇರೆ ಸಂಪರ್ಕ ಮಾಡಿಕೊಳ್ಳಬಲ್ಲವು, ಅದಕ್ಕೆ ದಿನದಿನದ ಫಿಸಿಯೋಥೆರಪಿ ಬೇಕು. ಗ್ರೇಡ್ ಎ ಇದ್ದರೂ ಫಿಸಿಯೋಥೆರಪಿ ಬಿಡಬೇಡಿ. ಕೀಲು ಬಿಗಿಯದಿರಲು, ಹಾಸಿಗೆ ಹುಣ್ಣು ಆಗದಿರಲು ಅದು ಬೇಕೇ ಬೇಕು.