ಒಂದೇ ಧಾಟಿ ಒಂಬತ್ತು ಸಲ ಯಾಕೆ ಕೇಳಬೇಕು?

ಶಿರಸಿಯ ಓದುಗರೊಬ್ಬರ ಪತ್ರ: “ಪಾಲ್ ಮೆಕಾರ್ಟ್ನಿ ‘ದಿ ಫೈರ್‌ಮನ್’ ಅನ್ನೋ ಹೆಸರಲ್ಲಿ ಮಾಡಿದ ಆಲ್ಬಮ್‌ಗಳನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ನಂಬಿ ಮೊದಲನೆಯದನ್ನು ಹಾಕಿಕೊಂಡು ಕೂತೆ. ಹಾಡಿಲ್ಲ, ಒಂದೇ ಧಾಟಿ ಒಂಬತ್ತು ಸಲ. ತಲೆ ಚಿಟ್ಟು ಹಿಡಿಯಿತು. ಬೀಟಲ್ಸ್ ಅನ್ನೋ ಇಂಗ್ಲೆಂಡಿನ ಪ್ರಸಿದ್ಧ ಬ್ಯಾಂಡಿನವನು ಅಂತ ಗೊತ್ತಿಲ್ಲದಿದ್ದರೆ ನೀವು ಒಂದು ಸಾಲಾದರೂ ಬರೆಯುತ್ತಿದ್ದಿರಾ?”

ಸಂಪಾದಕರ ಉತ್ತರ:

ಬರೆಯುತ್ತಿರಲಿಲ್ಲ. ಸುಮ್ನೆ ಸುಳ್ಳು ಯಾಕೆ ಹೇಳಲಿ?

ಆದರೆ ತಮಾಷೆ ನೋಡಿ, 1993ರಲ್ಲಿ ಆ ಆಲ್ಬಮ್ ಬಂದಾಗ ಅದರ ಮೇಲೆ ಪಾಲ್ ಹೆಸರೇ ಇರಲಿಲ್ಲ. ಜೊತೆಗಾರ ಯೂತ್ ಹೆಸರೂ ಇಲ್ಲ (ಕಿಲ್ಲಿಂಗ್ ಜೋಕ್ ಅನ್ನೋ ರಾಕ್ ತಂಡದ ಬೇಸ್ ಗಿಟಾರ್ ವಾದಕ). ಹೆಸರು ತೆಗೆದರೆ ಏನು ಉಳಿಯುತ್ತೆ ಅಂತ ನೀವು ಈಗ ಕೇಳ್ತಾ ಇದ್ದೀರಿ, ಅವರು ಆಗಲೇ ತೆಗೆದು ಇಟ್ಟಿದ್ದರು. ನಮ್ಮಲ್ಲಿ ಕಾವ್ಯನಾಮ ಇಟ್ಟುಕೊಳ್ಳೋದು ಹೆಚ್ಚಾಗಿ ಮೆರೆಯೋಕೆ, ಇವರು ಇಟ್ಟುಕೊಂಡಿದ್ದು ಅಡಗೋಕೆ. ಪಾಲ್ ಅಪ್ಪ ಯುದ್ಧದ ಕಾಲದಲ್ಲಿ ಲಿವರ್‌ಪೂಲ್‌ನಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರಾಗಿದ್ದರು, ಹಾಗಾಗಿ ಈ ಹೆಸರು ಅವರಿಗೆ ಮನೆಯದೇ.

ಒಂದೇ ಧಾಟಿ ಅಂದಿರಲ್ಲ, ಅದು ಅಕ್ಷರಶಃ ನಿಜ. ಪಾಲ್ ತಮ್ಮ ಹಾಡುಗಳ ತುಣುಕು ತೆಗೆದು ಡ್ಯಾನ್ಸ್ ರೀಮಿಕ್ಸ್ ಮಾಡಿ ಅಂತ ಯೂತ್‌ಗೆ ಕೊಟ್ಟಿದ್ದರು, ಮೇಲೆ ಒಂದಷ್ಟು ಹೊಸದಾಗಿ ನುಡಿಸಿಯೂ ಕೊಟ್ಟರು. ಯೂತ್ ಹಲವು ಮಿಕ್ಸ್ ಮಾಡಿದರು, ಒಂದನ್ನು ಆರಿಸಿಕೊಳ್ಳಲಿ ಅಂತ. ಪಾಲ್‌ಗೆ ಎಲ್ಲವೂ ಹಿಡಿಸಿತು. ಎಲ್ಲವನ್ನೂ ಹಾಕಿಬಿಟ್ಟರು! ಹೀಗೆ ಒಂದೂಕಾಲು ಗಂಟೆಯ ಆಲ್ಬಮ್ ಆಯಿತು. ಆರಿಸದೇ ಇದ್ದದ್ದು ತಪ್ಪು ಅಂತಲೇ ನನಗೂ ಅನಿಸುತ್ತದೆ, ನಾಲ್ಕು ಸಾಕಿತ್ತು.

ಆದರೂ ಒಂದು ಮಾತು. ನೀವು ಹಿಂದೂಸ್ತಾನಿ ಕೇಳುವವರು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ವಿಲಂಬಿತ್ ಖ್ಯಾಲ್‌ನಲ್ಲಿ ಒಂದೇ ಸಾಲನ್ನು ಅರ್ಧ ಗಂಟೆ ಹಾಡಿದರೆ ನಮಗೆ ಬೇಜಾರಾಗಲ್ಲ, ಯಾಕಂದ್ರೆ ಸಾಲು ಅದೇ ಇದ್ದರೂ ಹಾಡುವವರು ಅಲ್ಲಿಂದ ಎಲ್ಲೆಲ್ಲೋ ಹೋಗಿ ಬರುತ್ತಾರೆ. ಇಲ್ಲಿ ಹೋಗಿ ಬರುವವರು ಯಾರೂ ಇಲ್ಲ. ತುಣುಕು ಕೂತಲ್ಲೇ ಕೂತಿರುತ್ತದೆ, ಸುತ್ತಲಿನ ಸದ್ದು ನಿಧಾನಕ್ಕೆ ಬದಲಾಗುತ್ತದೆ: ಒಮ್ಮೆ ಬೇಸ್ ಮುಂದೆ ಬರುತ್ತೆ, ಒಮ್ಮೆ ತಾಳವೇ ಮಾಯ. ಎದುರಿಗೆ ಕೂತು ಕೇಳುವ ಸಂಗೀತ ಅಲ್ಲ ಅದು, ರಾತ್ರಿಯಿಡೀ ಕುಣಿಯುವವರಿಗೆ ಮಾಡಿದ್ದು. ನೀವು ಕುರ್ಚಿಯಲ್ಲಿ ಕೂತು ಕೇಳಿದಿರಿ. ಅದನ್ನು ಮೊದಲೇ ಹೇಳದೇ ಇದ್ದದ್ದು ನಮ್ಮ ತಪ್ಪು.

ಇದು ವಯಸ್ಸಾದ ಮೇಲೆ ಹತ್ತಿದ ಚಟವೂ ಅಲ್ಲ. 1966ರಲ್ಲೇ ಪಾಲ್ ಮನೆಯಲ್ಲಿ ಟೇಪ್ ತುಂಡುಗಳನ್ನು ಬಳೆಯ ಹಾಗೆ ಅಂಟಿಸಿ ಲೂಪ್ ಮಾಡಿ ಸ್ಟುಡಿಯೋಗೆ ತರುತ್ತಿದ್ದರು. 1967ರ ಜನವರಿಯಲ್ಲಿ ಬೀಟಲ್ಸ್ ಸೇರಿಕೊಂಡು ಸುಮಾರು 14 ನಿಮಿಷದ ಗದ್ದಲವೊಂದನ್ನು ರೆಕಾರ್ಡ್ ಮಾಡಿದರು, ‘ಕಾರ್ನಿವಲ್ ಆಫ್ ಲೈಟ್’ ಅಂತ. ಅದು ಬಿಡುಗಡೆಯಾಗಲೇ ಇಲ್ಲ. ಹೆಸರಿಟ್ಟುಕೊಂಡು ಬಿಡೋಕೆ ಆಗದ್ದನ್ನು ಹೆಸರಿಲ್ಲದೆ ಬಿಡಬಹುದಲ್ವಾ, ಫೈರ್‌ಮನ್ ಇರೋದೇ ಅದಕ್ಕೆ ಅಂತ ನನ್ನ ಅಂದಾಜು.

ಎರಡನೆಯದು, 1998ರ ‘ರಷಸ್’, ಸದ್ಯಕ್ಕೆ ಬಿಡಿ. ಚೆನ್ನಾಗಿದೆ, ಆದರೆ ನಿಮ್ಮ ಈಗಿನ ಕೋಪದಲ್ಲಿ ರುಚಿಸೋದಿಲ್ಲ.

2008ರ ‘ಎಲೆಕ್ಟ್ರಿಕ್ ಆರ್ಗ್ಯುಮೆಂಟ್ಸ್’ ಹಾಕಿ. ಪಾಲ್‌ಗೆ ಆಗ 66. ಹದಿಮೂರು ಹಾಡು, ದಿನಕ್ಕೊಂದರ ಲೆಕ್ಕದಲ್ಲಿ ಹದಿಮೂರು ದಿನ, ಆ ದಿನಗಳೂ ಒಟ್ಟಿಗಲ್ಲ, ಸುಮಾರು ಒಂದು ವರ್ಷದಲ್ಲಿ ಹರಡಿಕೊಂಡಿದ್ದವು. ಬೆಳಿಗ್ಗೆ ಸ್ಟುಡಿಯೋಗೆ ಬರುವಾಗ ಕೈಯಲ್ಲಿ ಹಾಡೂ ಇಲ್ಲ, ಸಾಹಿತ್ಯವೂ ಇಲ್ಲ. ಅಲ್ಲೇ ಯಾವುದೋ ಕವಿತೆಯ ಪುಸ್ತಕ ತಿರುವಿ ಸಿಕ್ಕ ಪದ ಹೆಕ್ಕಿಕೊಂಡು ಮೈಕ್ ಮುಂದೆ ನಿಲ್ಲೋದು. ಆಲ್ಬಮ್‌ನ ಹೆಸರೂ ಅಲೆನ್ ಗಿನ್ಸ್‌ಬರ್ಗ್ ಕವಿತೆಯಿಂದ ಹೆಕ್ಕಿದ್ದೇ. ಮೊದಲ ಹಾಡಿನಲ್ಲಿ ಪಾಲ್ ಗಂಟಲು ಹರಿಯುವ ಹಾಗೆ ಕಿರುಚುತ್ತಾರೆ, ದನಿ ಅಲ್ಲಲ್ಲಿ ಒಡೆದಿದೆ, ಅದನ್ನು ತಿದ್ದುವ ಗೋಜಿಗೇ ಹೋಗಿಲ್ಲ. ತಮ್ಮ ಹೆಸರಿನ ಆಲ್ಬಮ್ ಆಗಿದ್ದರೆ ಅದನ್ನು ಹಾಗೇ ಬಿಡುತ್ತಿದ್ದರಾ? ನನಗೇನೋ ಅನುಮಾನ.

ಅದು ಜಾಸ್ತಿ ಆಯಿತು ಅನಿಸಿದರೆ ಅದೇ ಆಲ್ಬಮ್‌ನ ಮೂರನೆಯ ಹಾಡಿಗೆ ನೇರ ಹೋಗಿ, ‘ಸಿಂಗ್ ದ ಚೇಂಜಸ್’. ಅದರಲ್ಲಿ ಹಾಡಿದೆ, ನೀವು ಕೇಳಿದ ಹಾಗೆ. ಅದೂ ಹಿಡಿಸಲಿಲ್ಲ ಅಂದ್ರೆ ಇನ್ನೊಂದು ಪತ್ರ ಹಾಕಿ, ಆಮೇಲೆ ನಾನು ವಾದಕ್ಕೆ ಬರೋದಿಲ್ಲ.