‘ಡೆಲಿಕ್ವೆಸ್’ ಅನ್ನೋದಕ್ಕೆ ‘ಕರಗು’ ಅಂದರೆ ಸಾಲದೇ? ಒಂದೇ ಅಚ್ಚಗನ್ನಡ ಪದ ಬೇಕು. ಅದರ ಮೂಲ ಏನು?

ಸಾಲದು. ‘ಕರಗು’ ಅಂತ ಬರೆದೇ ನಾನು ಮಂಡ್ಯದಲ್ಲಿ ಒಂದು ಕೆಲಸ ಕಳೆದುಕೊಂಡೆ.

ಬೆಲ್ಲ ಮಾರುವವರೊಬ್ಬರು ಪ್ಯಾಕೆಟ್ ಒಳಗಿನ ಚೀಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡಿ ಅಂದಿದ್ದರು. ಅದರಲ್ಲಿ ಇದೇ ಪದ ಇತ್ತು. ನಿಘಂಟು ತೆಗೆದೆ, ‘ಕರಗು’ ಅಂತಿತ್ತು, ಇಷ್ಟೇ ತಾನೇ ಅಂದುಕೊಂಡು ‘ಬೆಲ್ಲ ಕರಗದಂತೆ ತಂಪಾದ ಜಾಗದಲ್ಲಿಡಿ’ ಅಂತ ಬರೆದುಕೊಟ್ಟೆ. ಎಡವಿದ್ದು ಇಲ್ಲೇ. ತುಪ್ಪ ಬಿಸಿಗೆ ಕರಗುತ್ತದೆ, ಉಪ್ಪು ನೀರಿಗೆ ಕರಗುತ್ತದೆ, ನಮಗೆ ಎರಡೂ ‘ಕರಗು’ ಅಲ್ವಾ? ನನ್ನ ತಲೆಯಲ್ಲಿದ್ದದ್ದು ತುಪ್ಪ. ಆದರೆ ಡೆಲಿಕ್ವೆಸ್ ಅಂದರೆ ವಸ್ತು ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು, ಆ ನೀರಿನಲ್ಲಿ ತಾನೇ ಕರಗಿಹೋಗುವುದು. ಅದಕ್ಕೆ ಬಿಸಿ ಬೇಕಿಲ್ಲ. ಬೆಲ್ಲದಲ್ಲಿ ಸಕ್ಕರೆಯ ಜೊತೆ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ, ತೇವ ಎಳೆಯೋದರಲ್ಲಿ ಅವು ಮುಂದು. ಕಡಿದ ಕಬ್ಬನ್ನು ತಡವಾಗಿ ಅರೆದರೆ ಇವು ಇನ್ನೂ ಜಾಸ್ತಿಯಾಗುತ್ತವೆ. ಅಂದರೆ ನಾನು ಬರೆಯಬೇಕಿದ್ದದ್ದು ‘ಒಣಗಿದ ಜಾಗ, ಗಾಳಿಯಾಡದ ಡಬ್ಬಿ’ ಅಂತ. ಚೀಟಿ ಓದಿದವರು ತಂಪಾಗಿರಲಿ ಅಂತ ಬೆಲ್ಲವನ್ನು ನೀರಿನ ಮಡಕೆ ಪಕ್ಕ ಇಟ್ಟರು, ಅದೂ ಮಳೆಗಾಲದಲ್ಲಿ! ಅಂಗಡಿಗೆ ವಾಪಸ್ ಬಂದದ್ದು ಅಂಟಂಟು ಪಾಕ. ನನಗೆ ದುಡ್ಡೂ ಬರಲಿಲ್ಲ, ಮುಂದಿನ ಕೆಲಸವೂ ಸಿಗಲಿಲ್ಲ. ಯಾವುದಾದರೂ ಆಲೆಮನೆಯಲ್ಲಿ ಕೇಳಿದ್ದರೆ ‘ತೇವ ಹೊಡೆದ್ರೆ ಬೆಲ್ಲ ನೀರು ಬಿಡುತ್ತೆ ಕಣಪ್ಪಾ’ ಅಂತ ಒಂದೇ ಮಾತಲ್ಲಿ ಮುಗಿಸೋರು.

ಮೂಲ ಕೇಳಿದಿರಿ. ಲ್ಯಾಟಿನ್‌ನಲ್ಲಿ ‘ಲಿಕ್ವೇರೆ’ ಅಂದರೆ ದ್ರವವಾಗಿರು, ಅದರಿಂದ ಹುಟ್ಟಿದ್ದು ‘ಡೆಲಿಕ್ವೆಸ್ಕೆರೆ’, ಕರಗಿಹೋಗು. ಲಿಕ್ವಿಡ್, ಲಿಕ್ವಿಫೈ ಕೂಡ ಅದೇ ಮನೆತನದವು. ನಮ್ಮ ‘ದ್ರವ’ ಸಂಸ್ಕೃತದ ‘ದ್ರು’ ಧಾತುವಿನದು, ಓಡು ಅಂತ ಅರ್ಥ. ‘ಕರಗು’ ದ್ರಾವಿಡ ಪದ, ತೆಲುಗಿನಲ್ಲೂ ಇದೆ.

ಇನ್ನು ಒಂದೇ ಪದ ಯಾಕ್ರೀ ಬೇಕು? ಸುಮ್ನೆ ಹಠ ಅದು. ‘ತೇವ ಎಳೆದು ನೀರಾಗು’ ಅಂತ ಮೂರು ಪದದಲ್ಲಿ ಬರೆಯಿರಿ, ಓದಿದವರಿಗೆ ಏನಾಗುತ್ತದೆ ಅಂತ ಗೊತ್ತಾಗಲಿ. ‘ದ್ರವೀಕರಣ’ ಅಂತೂ ಬೇಡವೇ ಬೇಡ, ಅದನ್ನು ಅಡುಗೆ ಅನಿಲದ ತರಹ ಅನಿಲವನ್ನು ಒತ್ತಿ ದ್ರವ ಮಾಡುವುದಕ್ಕೆ ಆಗಲೇ ಬಳಸುತ್ತಾರೆ. ನೀವು ಬರೆಯುತ್ತಿರುವುದು ರಸಾಯನಶಾಸ್ತ್ರದ ಪಾಠವಾದರೆ ಕಾಸ್ಟಿಕ್ ಸೋಡಾ ಉದಾಹರಣೆ ಕೊಡಿ. ತೆರೆದಿಟ್ಟರೆ ನೋಡನೋಡುತ್ತಲೇ ಒದ್ದೆಯಾಗುತ್ತದೆ. ಆದರೆ ಬರಿಗೈಲಿ ಮುಟ್ಟಬಾರದು ಅಂತಲೂ ಬರೆಯಿರಿ, ಚರ್ಮ ಸುಡುತ್ತದೆ.