ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಂಥ ಹಳೇ ಸೇತುವೆಗಳನ್ನು ಊರಿನವರು ಉಳಿಸಿಕೊಳ್ಳುವುದು ಹೇಗೆ?
ಮೊದಲು ಕೆಳಗಿಳಿದು ನೋಡಿ. ಬೇಸಿಗೆಯಲ್ಲಿ ಕಾವೇರಿ ಇಳಿದಾಗ ವೆಲ್ಲೆಸ್ಲಿ ಸೇತುವೆಯ ಕಲ್ಲುಕೆಲಸ ಕಣ್ಣಿಗೆ ಬೀಳುತ್ತದೆ: ಕಮಾನೇ ಇಲ್ಲ, ಸಾಲು ಕಲ್ಲುಕಂಬ, ಮೇಲೆ ಬೋದಿಗೆ (ಕಂಬದ ತಲೆಯ ಮೇಲೆ ಚಾಚಿದ ಆಧಾರದ ಕಲ್ಲು), ಅದರ ಮೇಲೆ ಕಲ್ಲಿನ ತೊಲೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿ ಮುಗಿಸಿದ್ದು.

ಇಂಥ ಸೇತುವೆಗೆ ದೊಡ್ಡ ಶತ್ರು ಅರಳಿ, ಆಲದ ಸಸಿ. ಸಂದಿಯಲ್ಲಿ ಬೆರಳುದ್ದ ಇರುವಾಗಲೇ ಬೇರುಸಹಿತ ತೆಗೆಸಬೇಕು. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ದಪ್ಪವಾಗಿ ಕಲ್ಲನ್ನೇ ಸರಿಸುತ್ತದೆ. ದುರಸ್ತಿಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟು ಒಳಗಿನ ತೇವವನ್ನು ಹೊರಬಿಡುವುದಿಲ್ಲ. ನೆರೆ ಇಳಿದ ಮೇಲೆ ಕಂಬಕ್ಕೆ ಸಿಕ್ಕಿಕೊಂಡ ದಿಮ್ಮಿ, ಕಸ ತೆಗೆಸಲು ಪುರಸಭೆಗೂ ಪುರಾತತ್ವ ಇಲಾಖೆಗೂ ಫೋಟೊ ಸಮೇತ ಅರ್ಜಿ ಕೊಡಿ. ಶಿವನಸಮುದ್ರದಲ್ಲಿರುವ ಇದೇ ಹೆಸರಿನ ಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು. ಬಣ್ಣ ಬಳಿಯುವ ಉತ್ಸಾಹ ಮಾತ್ರ ದಯವಿಟ್ಟು ಬೇಡ.